ಗುಹೆಯ ಇದ್ದಿಲು

"ಹತ್ತು ಸಾವಿರ ವರ್ಷ ಹಳೇದು ಅಂದಿದ್ರಲ್ಲ ಬೈರಣ್ಣ? ಲ್ಯಾಬಿನೋರು ನಿಮ್ಮ ಇದ್ದಿಲಿನ ವಯಸ್ಸು ಅಳೆದಾಯ್ತು. ಮೊನ್ನೆ ಮೊನ್ನೆ ಕಡಿದ ಮರವಂತೆ!"

ಸಂಶೋಧನಾ ಸಮಿತಿಯ ಅಧ್ಯಕ್ಷ ಜಯಸಿಂಹ ನಕ್ಕರು. ಜಯನಗರದ ಅವರ ವರಾಂಡದಲ್ಲಿ ಕೂತಿದ್ದ ಸಮಿತಿಯೂ ನಕ್ಕಿತು.

ಬೈರಣ್ಣನ ಮೈ ಉರಿದುಹೋಯಿತು. ಜಿಗಣೆಗಳಿಗೆ ರಕ್ತ ಕೊಟ್ಟು, ಘಟ್ಟದ ಮಳೆಕಾಡಿನ ಗುಹೆಯೊಂದನ್ನು ಆಳುದ್ದ ಅಗೆದು, ಆದಿ ಬೇಟೆಗಾರರ ಒಲೆಯಿಂದ ಹೆಕ್ಕಿದ ಅರ್ಧ ಡಬ್ಬಿ ಇದ್ದಿಲು ಅದು. ನೇಗಿಲು ಹುಟ್ಟುವ ಮೊದಲೇ ಅಲ್ಲಿ ಮನುಷ್ಯರು ಬಾಳಿದ್ದರೆನ್ನಲು ಇದ್ದ ಒಂದೇ ಸಾಕ್ಷಿ. ಗುಹೆಯೋ, ಈ ಮಳೆಗಾಲಕ್ಕೆ ಅಣೆಕಟ್ಟೆಯ ನೀರಲ್ಲಿ ಮುಳುಗಿತ್ತು.

"ಉಳದೆ ಬಿತ್ತದೆ ಆ ಕಾಡಲ್ಲಿ ಯಾರೂ ಬದುಕೋಕಾಗಲ್ಲ ಕಣ್ರೀ," ಎಂದರು ಜಯಸಿಂಹ, ಎಂದೂ ನೇಗಿಲು ಮುಟ್ಟದ ಕೈಯಲ್ಲಿ ಕಾಫಿ ಲೋಟ ಹಿಡಿದು.

ಇದ್ದವರನ್ನು ಇರಲೇ ಇಲ್ಲ ಅನ್ನುವುದು ಇವರಿಗೆಷ್ಟು ಸಲೀಸು! ಈ ವರಾಂಡದಡಿಯಲ್ಲೇ ಬೈರಣ್ಣನ ಅಪ್ಪನ ರಾಗಿ ಹೊಲವಿತ್ತು. ಬಡಾವಣೆಯ ನಕ್ಷೆಯಲ್ಲಿ ಅದೂ 'ಖಾಲಿ ಜಾಗ'.

ಇದ್ದಿಲನ್ನು ಲ್ಯಾಬಿಗೆ ಕಳಿಸಿ ಎಂದು ಕೇಳಲು ಬೈರಣ್ಣ ಮೊದಲ ಸಲ ಬಂದಾಗ ಜಯಸಿಂಹ ಗೇಟಿನಲ್ಲೇ ತಡೆದಿದ್ದರು. "ಏನ್ರೀ ಈ ಅಂಗಿ? ಗುಹೆಯಿಂದ ನೇರ ಬಂದ್ರಾ?" ಮರುದಿನ ಗರಿಗರಿ ಇಸ್ತ್ರಿಯಲ್ಲಿ ಬಂದ ಮೇಲೆಯೇ ಕುರ್ಚಿ ಸಿಕ್ಕಿದ್ದು, ಒಪ್ಪಿಗೆ ಸಿಕ್ಕಿದ್ದು. ಮುಂದಿನ ವಾರ ಡಬ್ಬಿಯನ್ನು ತೆರೆಯದೆ ಮುಚ್ಚಳಕ್ಕೆ ಅರಗು ಬಡಿದು, ಅವರ ಇದೇ ಕೈಗೆ ಕೊಟ್ಟಿದ್ದ.

"ಡಬ್ಬಿ ಬದಲಾಯಿಸಿದ್ದೀರಿ ಸಾರ್!"

"ನೀವು ಹಾಕಿದ ಅರಗು ನೀವು ಹಾಕಿದಂಗೇ ಇತ್ತಂತಲ್ರೀ. ಬಾಯಿತನಕ ಇದ್ದಿಲು ತುಂಬಿತ್ತಂತೆ."

ಬಾಯಿತನಕ! ಕಳ್ಳ ತಾನಾಗಿ ಸಿಕ್ಕಿಬಿದ್ದಿದ್ದ.

ಬೈರಣ್ಣ ಬಿಳೇಕಹಳ್ಳಿಯವರೆಗೆ ಹಲ್ಲು ಕಡಿಯುತ್ತ ಸೈಕಲ್ ತುಳಿದ. ಮನೆಯಲ್ಲಿ ಹೆಂಡತಿ ಮಂಗಮ್ಮ ಇಸ್ತ್ರಿಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದಳು.

"ನಾಳೆ ಪೊಲೀಸ್ ಸ್ಟೇಷನ್‌ಗೆ ಹೋಗ್ತೀನಿ ಮಂಗಿ. ನಂದು ಅರ್ಧ ಡಬ್ಬಿ ಇದ್ದಿಲು, ಜಯಸಿಂಹ ಲ್ಯಾಬಿಗೆ ಕಳಿಸೋ ಹೊತ್ತಿಗೆ ತುಂಬಿಬಿಟ್ಟದೆ!"

"ಹೋಗಿ, ಬಿಡಬೇಡಿ. ಅಲ್ಲೂ ಮೊದಲು ಅಂಗೀನೇ ನೋಡೋದು, ಬಿಚ್ಚಿಕೊಡಿ ಇಲ್ಲಿ." ಕೆಂಡ ಊದುತ್ತಿದ್ದವಳು ತಟ್ಟನೆ ನಿಂತಳು. "ಯಾವ ಡಬ್ಬಿ? ಅಟ್ಟದ ಮೇಲಿದ್ದದ್ದಾ?"

"ಹ್ಞೂಂ."

"ಅಯ್ಯೋ, ಅದು ಅವರಲ್ಲ ಕಣ್ರೀ! ಗೇಟಿಂದ ವಾಪಸ್ ಬಂದು ಅತ್ತಿದ್ರಲ್ಲ, ಅವತ್ತು ಮನೇಲಿ ಇದ್ದಿಲಿರಲಿಲ್ಲ. ಅದನ್ನೇ ಉರಿಸಿ ನಿಮ್ಮ ಅಂಗಿ ಇಸ್ತ್ರಿ ಮಾಡ್ದೆ. ಮಾರನೇ ದಿನ ಸೌದೆ ಡಿಪೋದಿಂದ ತಂದು, ಬಾಯಿತನಕ ತುಂಬಿಟ್ಟಿದ್ದೆ."