ಪಾದಕ್ಕೆ ಸುರಿದ ನೀರು

ರಾಧಾಮಣಿ ನೀರು ಸುರಿದ ಕೂಡಲೇ ಯಶವಂತನ ಬಲಗಾಲು ಝಾಡಿಸಿ ಒದೆಯಿತು. ಚೊಂಬು ಉರುಳಿ ನೀರೆಲ್ಲ ಅವಳ ಮಡಿಲಿಗೆ ಚೆಲ್ಲಿತು. ಭೀಮನ ಅಮಾವಾಸ್ಯೆ ಪೂಜೆಗೆಂದು ಗಂಡನ ಪಾದ ತೊಳೆಯಲು ವೀಲ್‌ಚೇರ್ ಮುಂದೆ ಕೂತಿದ್ದವಳು ಅರಿಶಿನದ ಕೈಯಲ್ಲೇ ಆ ಪಾದವನ್ನು ಹಿಡಿದುಕೊಂಡಳು. ಅದು ಇನ್ನೂ ಅದುರುತ್ತಿತ್ತು. ರಾಜಾನುಕುಂಟೆಯಲ್ಲಿ ತಾನೇ ಕಟ್ಟಿಸುತ್ತಿದ್ದ ಬಿಲ್ಡಿಂಗಿನಿಂದ ಬಿದ್ದು ಅವನ ಬೆನ್ನುಹುರಿಗೆ ಪೆಟ್ಟಾದ ಮೇಲೆ ಮೂರು ತಿಂಗಳು ಸತ್ತ ಹಾಗೆ ಬಿದ್ದಿದ್ದ ಕಾಲು ಅದು.

“ಕಾಲು ಬಂತು ಕಣ್ರೀ,” ಅಂದಳು.

ನಿನ್ನೆ ಅವಳು ಔಷಧಿ ತರಲು ಹೋಗಿದ್ದಾಗ ಡಾಕ್ಟರು ಅವನಿಗೆ ಹೇಳಿದ್ದರು: “ಇನ್ಮೇಲೆ ಮುಟ್ಟಿದ್ರೆ ಕಾಲು ತಾನಾಗೇ ಒದೆಯುತ್ತೆ. ಅದು ಬೆನ್ನುಹುರಿ ಮಾಡೋ ಕೆಲಸ, ತಲೆವರೆಗೂ ಸುದ್ದಿ ಮುಟ್ಟಲ್ಲ. ವಾಸಿಯಾಗ್ತಿದೆ ಅಂದ್ಕೋಬೇಡಿ.” ಅದನ್ನು ಹೇಳಲು ಯಶವಂತ ಬಾಯಿ ತೆರೆದ. ಅಷ್ಟರಲ್ಲಿ ಅವಳೇ ನಗುಮುಖವೆತ್ತಿ ಕೇಳಿದಳು:

“ನೀರು ಗೊತ್ತಾಯ್ತಾ ನಿಮಗೆ?”

“ಹ್ಞೂಂ, ಗೊತ್ತಾಯ್ತು.” ಅವಳು ಇನ್ನೂ ಅವನನ್ನೇ ನೋಡುತ್ತಿದ್ದಳು. ಅಷ್ಟು ಸಾಲದೇನೋ ಅನ್ನಿಸಿ, “ತಣ್ಣಗೆ ಕೊರೀತು ಕಣೇ,” ಅಂತ ಸೇರಿಸಿದ.

ರಾಧಾಮಣಿಯ ಬೆರಳುಗಳು ನಿಂತವು. ಏನೂ ಗೊತ್ತಾಗದ ಕಾಲಿಗೂ ಚಳಿಯಾಗಬಾರದೆಂದು ಸ್ಟವ್ ಮೇಲಿಟ್ಟು, ಮೊಣಕೈ ಅದ್ದಿ ನೋಡಿ, ಹದವಾಗಿ ಕಾಯಿಸಿ ತಂದ ನೀರು. ಮಡಿಲಲ್ಲಿ ಒದ್ದೆ ಸೀರೆ ಇನ್ನೂ ಬೆಚ್ಚಗಿತ್ತು. ಅವಳು ತಲೆ ಎತ್ತದೆ ಅವನ ಹೆಬ್ಬೆರಳಿಗೆ ಅರಿಶಿನ ಹಚ್ಚಿದಳು.

“ಕಾಯಿಸೋದು ಮರ್ತೇಬಿಟ್ಟೆ ನೋಡಿ,” ಅಂದಳು.