ಗ್ರೇಡು ನೋಡುವ ಫೋನು

"ಬರೋ ವರ್ಷದಿಂದ ನಿಮ್ಮ ಕೆಲಸಾನೆಲ್ಲ ಇದೇ ಮಾಡುತ್ತೆ" ಎಂದು ಶಿವಶಂಕರ್ ತನ್ನ ಹೊಸ ಫೋನನ್ನು ಹೊಗೆಸೊಪ್ಪಿನ ಎಲೆಯೊಂದರ ಮೇಲೆ ಹಿಡಿದ. ಫೋನು ಒಂದು ಗಳಿಗೆ ಯೋಚನೆ ಮಾಡಿ, ಸಾಕಷ್ಟು ಗತ್ತಿನ ಹೆಣ್ಣುದನಿಯಲ್ಲಿ "ಲೋ ಗ್ರೇಡ್" ಎಂದಿತು. ರಾವಂದೂರಿನ ಅವನ ಶೆಡ್ಡಿನ ಬಾಗಿಲ ಬಳಿ ಸಾಲಾಗಿ ಕೂತು ಸೊಪ್ಪು ವಿಂಗಡಿಸುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ತಿರುಗಿದರು.

ಕೆಂಪಾಜಮ್ಮ ಮಾತ್ರ ನಿಲ್ಲಿಸಲಿಲ್ಲ. ಇದು ಯಾವ ಮಾತಿಗೆ ಬಂದ ಉತ್ತರವೆಂದು ಅವಳಿಗೆ ಗೊತ್ತಿತ್ತು. ಹೊಸ ವರ್ಷದಿಂದ ಸಂಜೆ ಐದಕ್ಕೆ ಕೆಲಸ ನಿಲ್ಲಿಸಿ ಕೈ ತೊಳೆಯುತ್ತೇವೆ ಎಂದು ಎಲ್ಲರ ಪರವಾಗಿ ಬೆಳಿಗ್ಗೆ ಕೇಳಿದ್ದವಳು ಅವಳೇ. ಹೊತ್ತು ಇಳಿದ ಮೇಲೆ ಬಲ್ಬಿನ ಬೆಳಕಲ್ಲಿ ಎಲ್ಲ ಎಲೆಯೂ ಒಂದೇ ಬಣ್ಣ. ಹೊರೆ ಕಟ್ಟಿದ ಬೇಲಿನೊಳಗೆ ಗ್ರೇಡು ಕಲಬೆರಕೆಯಾಗಿ ಹರಾಜಿನಲ್ಲಿ ವಾಪಸ್ಸು ಬಂದರೆ ಬೈಗುಳ ಮಾತ್ರ ಕೂಲಿಯವರಿಗೆ. ಶಿವಶಂಕರ್ ಆಗ ಎದ್ದುಹೋಗಿದ್ದ. ಮಧ್ಯಾಹ್ನ ಫೋನು ಹಿಡಿದು ಬಂದು, ಶೆಡ್ಡಿನ ಒಳಮೂಲೆಯಲ್ಲಿ ನೀಲಿ ಟಾರ್ಪಾಲಿನ ಕೆಳಗೆ ಕುರ್ಚಿ ಹಾಕಿಕೊಂಡು, ತಾನೇ ಎಲೆ ಆರಿಸತೊಡಗಿದ್ದ.

"ಇದು ಐದಕ್ಕೆ ಕೈ ತೊಳೀಬೇಕು ಅನ್ನಲ್ಲ. ಎಲೆಅಡಿಕೆ ಹಾಕ್ಕೊಳಕ್ಕೆ ಏಳಲ್ಲ" ಎಂದು ನಕ್ಕ.

"ಇನ್ನೇನೇನು ಮಾಡ್ತದಣ್ಣ ಬರೋ ವರ್ಷದ ಫೋನು?" ಸಾಲಿನ ತುದಿಯಿಂದ ಭಾಗ್ಯ ಕೇಳಿದಳು.

"ಕರ್ಚೀಫಿನಂಗೆ ಮೂರು ಮಡಿಕೆ ಮಡಚ್ಕೋಬಹುದಂತೆ. ಹತ್ತು ನಿಮಿಷ ಚಾರ್ಜಿಗೆ ಹಾಕಿದ್ರೆ ಎರಡು ದಿನ ಬರುತ್ತಂತೆ. ನೀನು ಕನ್ನಡದಲ್ಲಿ ಮಾತಾಡಿದ್ರೆ ಆ ಕಡೆಯೋನಿಗೆ ಮಲಯಾಳದಲ್ಲಿ ಕೇಳಿಸುತ್ತಂತೆ."

"ಮಲಯಾಳ ಕಟ್ಕೊಂಡು ನಾನೇನು ಮಾಡ್ಲಿ? ನನ್ನ ಗಂಡ 'ಆಸ್ಪತ್ರೇಲಿ ಅವ್ನಿ' ಅಂದ್ರೆ 'ಸುಳ್ಳು ಕಣಮ್ಮಿ, ಬಾರಲ್ಲಿ ಅವ್ನೆ' ಅಂತ ಕನ್ನಡದಲ್ಲೇ ಕೇಳಿಸೋ ಅಂಗೆ ಮಾಡಕ್ಕೇಳು."

ಶೆಡ್ಡೆಲ್ಲ ನಗು. "ನಂಗೆ ಈ ಸೊಪ್ಪಿನ ಅಂಟುಗೈಲಿ ಮುಟ್ಟಿದ್ರೂ ಮಾತಾಡೋ ಫೋನು ಬೇಕು" ಎಂದಳು ಪಕ್ಕದವಳು. "ಮಗಳು ಫೋನ್ ಮಾಡಿದ್ರೆ ಮೂಗಲ್ಲಿ ತಿಕ್ಕಬೇಕು ಕಣಕ್ಕ."

ಕೆಂಪಾಜಮ್ಮನಿಗೂ ನಗು ಬಂತು. ಆದರೆ ಕಣ್ಣು ಶಿವಶಂಕರನ ಪಕ್ಕದ ರಾಶಿಯ ಮೇಲಿತ್ತು. ಫೋನು ಲೋ ಗ್ರೇಡ್ ಎಂದು ಎಸೆಸಿದ್ದ ಸೊಪ್ಪು ಆಗಲೇ ಸೊಂಟದುದ್ದ ಏರಿತ್ತು. ಮಂಡಿಗೆ ಕೈಕೊಟ್ಟು ಎದ್ದು ಹೋಗಿ, ಆ ರಾಶಿಯಿಂದ ಒಂದು ಎಲೆ ಎಳೆದು, ಬೆರಳಲ್ಲಿ ಉಜ್ಜಿ, ಮೂಸಿ ನೋಡಿದಳು.

"ಇದನ್ನೊಂದ್ಸಲ ಕೇಳಿ ಗೌಡ್ರೆ."

"ಲೋ ಗ್ರೇಡ್" ಎಂದಿತು ಫೋನು.

"ಇಷ್ಟು ದೂರ ಬನ್ನಿ." ಎಲೆ ಹಿಡಿದು ಬಾಗಿಲಿನಾಚೆ ಬಿಸಿಲಿಗೆ ನಡೆದಳು. "ಈಗ ಕೇಳಿ."

ಫೋನು ಮತ್ತೆ ಯೋಚನೆ ಮಾಡಿತು. "ಬ್ರೈಟ್ ಗ್ರೇಡ್." ಈ ಸಲ ಮೇಲಿನ ದರ್ಜೆ, ಆದರೆ ಅದೇ ದನಿ, ಅದೇ ಗತ್ತು.

"ನೀನು ಎಲೆ ಬದಲಾಯಿಸಿಬಿಟ್ಟೆ" ಎಂದ ಅವನು.

"ನೀವೇ ಹಿಡ್ಕಳಿ, ತಕಳಿ."

ಶಿವಶಂಕರ್ ತಾನೇ ಎಲೆ ಹಿಡಿದು ಒಳಗೆ ಹೋದ, ಹೊರಗೆ ಬಂದ. ಒಳಗೆ ಲೋ, ಹೊರಗೆ ಬ್ರೈಟು. ಹೊಸ್ತಿಲ ಮೇಲೆ ನಿಂತು ಕೇಳಿದರೆ ಮೀಡಿಯಂ.

"ಪಾಪ, ಯಾರಿಗೂ ಬೇಜಾರು ಮಾಡಕಿಲ್ಲ ಅದು" ಎಂದಳು ಭಾಗ್ಯ.

"ಅದರದ್ದೇನೂ ತಪ್ಪಿಲ್ಲ ಬುಡು" ಎಂದಳು ಕೆಂಪಾಜಮ್ಮ. "ನೀಲಿ ಟಾರ್ಪಾಲ್ ಕೆಳಗೆ ಯಾವ ಎಲೆನೂ ತನ್ನ ಬಣ್ಣ ಹೇಳಕಿಲ್ಲ. ಅದ್ಕೇ ನಾವು ಬಾಗಿಲ ತಾವ ಕೂರೋದು. ಬೆಳಕು ಹೋದ್ರೆ ನಮ್ಮ ಕಣ್ಣೂ ಅಷ್ಟೇ, ಅದರ ಕಣ್ಣೂ ಅಷ್ಟೇ. ಬೆಳಿಗ್ಗೆ ನಿಮ್ಮನ್ನ ಕೇಳಿದ್ದು ಇದನ್ನೇಯ."

ಶಿವಶಂಕರ್ ರಾಶಿಯನ್ನು ನೋಡಿದ. ನಾಳಿದ್ದು ಹರಾಜಿನಲ್ಲಿ ಅವನ ಸರದಿ. ಅಷ್ಟರೊಳಗೆ ಅದನ್ನೆಲ್ಲ ಮತ್ತೆ ಬಿಡಿಸಿ, ಎಲೆ ಎಲೆಯನ್ನೂ ನೋಡಿ, ಬೇಲು ಕಟ್ಟಬೇಕು. "ಕೆಂಪಾಜಕ್ಕ" ಎಂದ, ಅಕ್ಕ ಎನ್ನುವುದು ಅವನ ಬಾಯಲ್ಲಿ ಅವತ್ತೇ ಮೊದಲು ಬಂದದ್ದು. "ಇವತ್ತೊಂದಿನ ಏಳರ ತನಕ ಕೂತ್ಕೊಂಡು ಸರಿಮಾಡ್ಕೊಟ್ಬಿಡಿ."

"ಏಳರ ತನಕ ಕತ್ತಲಲ್ಲಿ ಕೂತ್ರೆ ಇದನ್ನೇ ಇನ್ನೊಂದಿನ ಬಿಡಿಸ್ಬೇಕು. ಈಗ ಎಲ್ಲರೂ ಇದಕ್ಕೇ ಕೈ ಹಾಕ್ತೀವಿ. ಐದಕ್ಕೆ ಎದ್ದು, ನಾಳೆ ಬೆಳಕು ಹರಿಯೋವತ್ಗೆ ಬತ್ತೀವಿ. ಅದಾದ ಮ್ಯಾಕೆ ದಿನಾ ಐದೇ."

ಅವನು ಹೆಂಗಸರ ಸಾಲನ್ನು ನೋಡಿದ. ಯಾರೂ ಎಲೆ ಮುಟ್ಟಿರಲಿಲ್ಲ.

"ಆಯ್ತು ಬುಡು. ಐದೇ."

ಸೊಪ್ಪಿಗೆ ಮತ್ತೆ ಕೈಗಳು ಬಿದ್ದವು. ಐದಕ್ಕೆ ಸರಿಯಾಗಿ ಭಾಗ್ಯ ಸೀರೆ ಕೊಡವಿ ಮೊದಲು ಎದ್ದಳು. ಹಿಂದೆಯೇ ಎಲ್ಲರೂ ದನದ ಕೊಟ್ಟಿಗೆಯ ಮಗ್ಗುಲಿನ ಕೊಳಾಯಿಗೆ ಹೋಗಿ, ಬೆರಳಿನ ಅಂಟು ಬಿಡಿಸಲು ಸೋಪು ತಿಕ್ಕತೊಡಗಿದರು. ಮನೆಯ ಜಗಲಿ ಹತ್ತಿ ನಿಂತಿದ್ದ ಶಿವಶಂಕರನಿಗೆ ಸೋಲು ನುಂಗಲಾಗಲಿಲ್ಲ.

"ನೋಡ್ತಿರು ಕೆಂಪಾಜಕ್ಕ, ಬರೋ ವರ್ಷ ಕತ್ತಲಲ್ಲೂ ಬಣ್ಣ ಕಂಡುಹಿಡಿಯೋ ಫೋನು ಬಂದೇ ಬರುತ್ತೆ."

"ಬರ್ಲಿ ಗೌಡ್ರೆ, ಬ್ಯಾಡ ಅಂದೋರ್ಯಾರು" ಎಂದಳು ಕೆಂಪಾಜಮ್ಮ, ತಲೆ ಎತ್ತದೆ ಬೆರಳು ಉಜ್ಜುತ್ತಾ. "ಅಂಗೇ ಅದಕ್ಕೆ ಎರಡು ಕೈಯೂ ಬರ್ಲಿ. ಕೈ ತುಂಬ ಅಂಟೂ ಹತ್ಲಿ. ಆಗ ತೊಳ್ಕೊಳಕ್ಕೆ ಅದನ್ನ ನಿಮ್ಮ ಮನೆಯೊಳಗಿನ ಬಚ್ಚಲಿಗೆ ಕರೀತೀರೋ, ನಮಗೆ ತೋರಿಸ್ದಂಗೆ ಈ ಕೊಟ್ಟಿಗೆ ಕೊಳಾಯಿ ತೋರಿಸ್ತೀರೋ, ಅದೊಂದು ನೋಡಬೇಕು ನಾನು."