ಅಳೋದಕ್ಕೆ ಎಷ್ಟು ಗಂಟೆ?

ಒಕ್-ಸುನ್ ಅಜ್ಜಿಯ ಗಂಡನ ಮರಣವನ್ನು ಗುಮಾಸ್ತ ಗ್ಯು-ಹೋ ಕಂಪ್ಯೂಟರಿಗೆ ಏರಿಸುತ್ತಿದ್ದಾಗಲೇ ಮೂರು ಗಂಟೆಯ ಬೆಲ್ ಹೊಡೆಯಿತು. ವಾರ್ಡ್ ಕಚೇರಿಯ ಸಿಬ್ಬಂದಿಯೆಲ್ಲ ಎದ್ದು, ಸೊಂಟದ ಮೇಲೆ ಕೈಯಿಟ್ಟು, ಹೊಟ್ಟೆ ಕುಲುಕಿಸಿ ನಗತೊಡಗಿದರು.

ನೌಕರರಲ್ಲಿ ಹುಮ್ಮಸ್ಸು ತುಂಬಲು ಹೊಸ ಮುಖ್ಯಾಧಿಕಾರಿ ಮಾ ಸಾಹೇಬರು ತಂದ ಕಾರ್ಯಕ್ರಮ ಅದು. ಭಾಗವಹಿಸುವುದು ಅವರವರ ಇಷ್ಟ. ಇಷ್ಟವಿಲ್ಲದವರು ಮಾತ್ರ ಶನಿವಾರ, ಭಾನುವಾರ ಬೆಟ್ಟದ ಮೇಲಿನ ಶಿಬಿರಕ್ಕೆ ಹೋಗಿ ನಗುವುದನ್ನು ಕಲಿತು ಬರಬೇಕಿತ್ತು.

"ತಮ್ಮಾ, ಇವರಿಗೆಲ್ಲ ಏನಾಯ್ತೋ?" ಅಜ್ಜಿ ಗಾಬರಿಯಾದಳು.

"ತಪ್ಪು ತಿಳ್ಕೋಬೇಡಿ ಅಜ್ಜಿ. ಕೆಲಸದಲ್ಲಿ ಉತ್ಸಾಹ ಬರ್ಲಿ ಅಂತ ನಗಿಸ್ತಾರೆ."

"ಬಂತಾ?"

ಅಷ್ಟರಲ್ಲಿ ಮಾ ಸಾಹೇಬರೇ ನಗುನಗುತ್ತ ಬಂದರು. "ಏನಪ್ಪಾ, ಹಹ್ಹಹ್ಹಾ, ನೀನೊಬ್ಬ ಯಾಕೆ, ಹಹ್ಹಹ್ಹಾ, ಸುಮ್ನೆ ಕೂತಿದ್ದೀಯ?"

"ಸರ್, ಇವರ ಯಜಮಾನರು ತೀರಿಕೊಂಡಿದ್ದಾರೆ."

ಸಾಹೇಬರು ಥಟ್ಟನೆ ನಗು ನಿಲ್ಲಿಸಿದರು. ನಡು ಬಗ್ಗಿಸಿ ಅಜ್ಜಿಗೆ ವಂದಿಸಿದರು. ಅವರ ಬೆನ್ನ ಹಿಂದೆ ನಗು ಮಾತ್ರ ನಿಲ್ಲಲಿಲ್ಲ. ನಿಲ್ಲಿಸುವ ಬೆಲ್ ಇನ್ನೂ ಹೊಡೆದಿರಲಿಲ್ಲ.

"ನಗ್ಲಿ ಬಿಡಿ," ಎಂದಳು ಅಜ್ಜಿ. "ನಮ್ಮ ಯಜಮಾನ್ರು ಊಟಕ್ಕೆ ಕೂತು, ಸಾರಿಗೆ ಉಪ್ಪು ಸಾಲ್ದು ಅಂದ್ರು. ನಾನು ಒಳಗಿಂದ ಉಪ್ಪು ತರೋಷ್ಟರಲ್ಲಿ ಹೋಗೇಬಿಟ್ಟಿದ್ರು. ಆಮೇಲೆ ಸಾವಿಗೆ ಬಂದವರಿಗೆಲ್ಲ ಬಡಿಸಿದ್ದೇ ಬಡಿಸಿದ್ದು. ಆ ಮಾವನಿಗೆ ಇನ್ನೊಂದು ಬಟ್ಟಲು ಸಾರು, ಈ ಭಾವನಿಗೆ ಒಂದಿಷ್ಟು ಅನ್ನ. ಒಂದು ಹನಿ ಕಣ್ಣೀರು ಹಾಕೋಕೆ ಬಿಡುವಾಗ್ಲಿಲ್ಲ. ಅಲ್ಲಾ ಸಾಹೇಬ್ರೇ, ನಗೋದಕ್ಕೆ ಮೂರು ಗಂಟೆ ಇಟ್ಟಿದ್ದೀರಿ. ಅಳೋದಕ್ಕೆ ಎಷ್ಟು ಗಂಟೆ?"

ಚುಚ್ಚುಮಾತೋ ನಿಜವಾದ ಪ್ರಶ್ನೆಯೋ ಸಾಹೇಬರಿಗೆ ತಿಳಿಯಲಿಲ್ಲ. ಸಾರ್ವಜನಿಕರ ಯಾವ ಸಲಹೆಯನ್ನೂ ತಳ್ಳಿಹಾಕಬಾರದೆಂದು ಮೇಲಿನಿಂದ ಆದೇಶವಿದ್ದುದರಿಂದ, ಅದನ್ನು ಸಲಹೆಯೆಂದೇ ತೆಗೆದುಕೊಂಡರು.

ವಾರದೊಳಗೆ ಸುತ್ತೋಲೆ ಬಂತು. ಶುಕ್ರವಾರ ಸಂಜೆ ಸಭಾಕೊಠಡಿ ತೆರೆದಿರುತ್ತದೆ. ಅಳಬೇಕೆನ್ನುವವರು ಹೋಗಬಹುದು, ಸಾರ್ವಜನಿಕರೂ ಬರಬಹುದು. ಹೋಗದವರಿಗೆ ಯಾವ ಶಿಬಿರವೂ ಇಲ್ಲ. ಓದಿದವರೆಲ್ಲ ಬಿದ್ದು ಬಿದ್ದು ನಕ್ಕರು. ಕಚೇರಿಯಲ್ಲಿ ಬೆಲ್ ಇಲ್ಲದೆ ನಕ್ಕಿದ್ದು ಅದೇ ಮೊದಲು.

ಅಜ್ಜಿಗೆ ಫೋನ್ ಮಾಡಿ ವಿಷಯ ತಿಳಿಸಿದ್ದು ಗ್ಯು-ಹೋನೇ. ಪಾಪ, ಅಷ್ಟು ದೊಡ್ಡ ಕೊಠಡಿಯಲ್ಲಿ ಒಬ್ಬಳೇ ಕೂತಿರುತ್ತಾಳೇನೋ ಎಂದುಕೊಂಡು, ಶುಕ್ರವಾರ ಕೌಂಟರ್ ಮುಚ್ಚಿದವನೇ ಬಿರಬಿರನೆ ಹೋಗಿ ಬಾಗಿಲು ತೆಗೆದ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ತೆರಿಗೆ ವಿಭಾಗದವರು, ಜೀಪಿನ ಡ್ರೈವರ್, ದಿನವೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ಟೈಪಿಸ್ಟ್ ಹೆಂಗಸು, ಎಲ್ಲರೂ ಇದ್ದರು. ನಡುವೆ ಕೂತ ಅಜ್ಜಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಯಾರೂ ಅವಳತ್ತ ತಿರುಗಿ ನೋಡುತ್ತಿರಲಿಲ್ಲ, ಅವರವರಿಗೆ ಅವರವರದೇ ಸಾಕಾಗಿತ್ತು.

ಗ್ಯು-ಹೋ ಬಾಗಿಲಲ್ಲೇ ನಿಂತ. ತಾನು ಅಜ್ಜಿಯನ್ನು ನೋಡಿಹೋಗಲು ಬಂದವನು ಎಂದು ಹೇಳಬೇಕೆನಿಸಿತು. ಕೊನೆಯ ಸಾಲಿನಲ್ಲಿ ಟೈ ಸಡಿಲಿಸಿಕೊಂಡು ಕೂತಿದ್ದ ಮಾ ಸಾಹೇಬರು ಕರವಸ್ತ್ರದಲ್ಲಿ ಮೂಗೊರೆಸಿಕೊಂಡರು. ಅವನನ್ನು ಕಂಡು, ಪಕ್ಕಕ್ಕೆ ಜರುಗಿ, ಅರ್ಧ ಕುರ್ಚಿ ಬಿಟ್ಟುಕೊಟ್ಟರು.